ಸೇವೆಗಳೆಲ್ಲ ನಡೆಯುತ್ತಿವೆ ಎಂದು ಹೋಸ್ಟ್ ಹೇಳುತ್ತಿದೆ, ವಿಎಂಗಳ ಮೇಲೆ ಮಾತ್ರ ಬೂದು ಪ್ರಶ್ನಾರ್ಥಕ ಚಿಹ್ನೆ. ಯಾವುದನ್ನು ನಂಬಬೇಕು?

ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಕಡೆಯ ಒಂದು ಕಾಲೇಜಿನ ಸರ್ವರ್ ಕೋಣೆಯನ್ನು ನಾನೊಬ್ಬನೇ ನೋಡಿಕೊಳ್ಳುತ್ತೇನೆ. ಅಲ್ಲಿ ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರದಲ್ಲಿ ಹಲವು ವಿಎಂಗಳನ್ನು, ಅಂದರೆ ವರ್ಚುವಲ್ ಗಣಕಗಳನ್ನು, ನಡೆಸುವ ತಂತ್ರಾಂಶ) ಹಾಕಿದ ಮೂರು ಹೋಸ್ಟ್‌ಗಳ, ಅಂದರೆ ಮೂರು ಸರ್ವರ್ ಯಂತ್ರಗಳ, ಕ್ಲಸ್ಟರ್ ಇದೆ. ವಿಎಂಗಳ ಡಿಸ್ಕ್‌ಗಳು ಆಯಾ ಹೋಸ್ಟ್‌ನಲ್ಲೇ ಇವೆ; ಬ್ಯಾಕಪ್ ಮಾತ್ರ ಎನ್‌ಎಫ್‌ಎಸ್ (ನೆಟ್‌ವರ್ಕ್‌ನಲ್ಲಿ ಕಡತ ಹಂಚುವ ವಿಧಾನ) ಮೂಲಕ ಒಂದು ಹಳೆಯ ನ್ಯಾಸ್ ಪೆಟ್ಟಿಗೆಗೆ (ನೆಟ್‌ವರ್ಕ್‌ಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ) ಹೋಗುತ್ತದೆ. ಈ ದಿನ ಬೆಳಿಗ್ಗೆ ಬಂದು ನೋಡಿದರೆ ಎರಡನೆಯ ಹೋಸ್ಟ್‌ನ 11 ವಿಎಂಗಳ ಮೇಲೂ ಹಸಿರು ಗುರುತಿನ ಬದಲು ಬೂದು ಬಣ್ಣದ ಪ್ರಶ್ನಾರ್ಥಕ ಚಿಹ್ನೆ ಬಂದಿದೆ, ಹೆಸರುಗಳು ಮಾಯವಾಗಿ ಬರೀ ಸಂಖ್ಯೆಗಳು ಉಳಿದಿವೆ. ಆದರೆ ಅದರಲ್ಲಿರುವ ಪರೀಕ್ಷಾ ಪೋರ್ಟಲ್ ತೆರೆಯುತ್ತಿದೆ, ವಿದ್ಯಾರ್ಥಿಗಳು ಲಾಗಿನ್ ಆಗುತ್ತಿದ್ದಾರೆ. ಗ್ರಂಥಾಲಯದ ವಿಎಂ ಒಂದು ಮಾತ್ರ ಪಿಂಗ್‌ಗೂ ಸರಿಯಾಗಿ ಉತ್ತರಿಸುತ್ತಿಲ್ಲ.

ಹೋಸ್ಟ್‌ಗೆ ಎಸ್‌ಎಸ್‌ಎಚ್ ಮೂಲಕ ಹೋಗಿ ಸೇವೆಯ ಸ್ಥಿತಿ ತೋರಿಸುವ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಆಜ್ಞೆಯನ್ನು ಒಂದೊಂದು ಸೇವೆಗೂ ಕೊಟ್ಟು ನೋಡಿದೆ. ಪ್ರಾಕ್ಸ್‌ಮಾಕ್ಸ್‌ನ ನಿರ್ವಹಣಾ ಸೇವೆಗಳಾದ ಪಿವಿಇ-ಪ್ರಾಕ್ಸಿ, ಪಿವಿಇ-ಡೀಮನ್, ಪಿವಿಇ-ಸ್ಟ್ಯಾಟ್‌ಡಿ, ಪಿವಿಇ-ಕ್ಲಸ್ಟರ್, ಹೋಸ್ಟ್‌ಗಳನ್ನು ಒಂದಾಗಿ ಬೆಸೆಯುವ ಕೊರೊಸಿಂಕ್, ಎಲ್ಲವೂ ಹಸಿರು ಅಕ್ಷರದಲ್ಲಿ 'ಆಕ್ಟಿವ್ (ರನ್ನಿಂಗ್)' ಎಂದೇ ತೋರಿಸುತ್ತಿವೆ. ಎಲ್ಲವೂ ನಡೆಯುತ್ತಿದ್ದರೆ ಈ ಚಿಹ್ನೆಗಳೇಕೆ ಬಂದಿವೆ? ಮಧ್ಯಾಹ್ನ 2 ಗಂಟೆಗೆ ಆನ್‌ಲೈನ್ ಪರೀಕ್ಷೆಯಿದೆ, ದಯವಿಟ್ಟು ದಾರಿ ತೋರಿಸಿ.

ಕಪ್ಪುಪರದೆ

ಪರೀಕ್ಷೆಗೆ ಇನ್ನೂ ಹೊತ್ತಿರುವಾಗಲೇ ಹೋಸ್ಟ್ ಅನ್ನು ಒಮ್ಮೆ ರೀಬೂಟ್ ಮಾಡಿಬಿಡಿ. ನಮ್ಮಲ್ಲಿ ಎರಡು ಸಲ ಹೀಗೆಯೇ ಆಗಿತ್ತು, ಎರಡು ಸಲವೂ ರೀಬೂಟ್‌ನಿಂದ ಸರಿಹೋಯಿತು.

ರಾತ್ರಿಪಾಳಿ

ಬೆಣ್ಣೆನಗರಿಯವರೇ, ದಯವಿಟ್ಟು ರೀಬೂಟ್ ಮಾಡಬೇಡಿ. 10 ವಿಎಂಗಳು ಸುರಕ್ಷಿತವಾಗಿ ಕೆಲಸ ಮಾಡುತ್ತಿರುವಾಗ, ಕಾರಣವೇ ತಿಳಿಯದೆ, ಪರೀಕ್ಷೆಯ ದಿನವೇ ಅವುಗಳನ್ನು ಕೆಳಗಿಳಿಸುವುದು ಸರಿಯಲ್ಲ. ಪ್ರತಿಯೊಂದು ವಿಎಂ ಕೂಡ ಹೋಸ್ಟ್‌ನಲ್ಲಿ ತನ್ನದೇ ಆದ ಒಂದು ಕ್ಯೂಎಮು (ವಿಎಂ ನಡೆಸುವ ತಂತ್ರಾಂಶ) ಪ್ರಕ್ರಿಯೆಯಾಗಿ ನಡೆಯುತ್ತದೆ. ನಿರ್ವಹಣೆಯ ಸೇವೆಗಳು ನಿಂತರೂ, ಸಿಕ್ಕಿಹಾಕಿಕೊಂಡರೂ ಆ ಪ್ರಕ್ರಿಯೆಗೆ ಏನೂ ಆಗುವುದಿಲ್ಲ. ಪರದೆಯ ಮೇಲಿನ ಪ್ರಶ್ನಾರ್ಥಕ ಚಿಹ್ನೆಯು 'ವಿಎಂ ಸತ್ತಿದೆ' ಎಂದು ಹೇಳುತ್ತಿಲ್ಲ, 'ನನಗೆ ಸುದ್ದಿ ಬಂದಿಲ್ಲ' ಎಂದಷ್ಟೇ ಹೇಳುತ್ತಿದೆ.

ಆ ಸುದ್ದಿಯನ್ನು ತರುವುದು ಪಿವಿಇ-ಸ್ಟ್ಯಾಟ್‌ಡಿ. ಅದು ಸುಮಾರು 10 ಸೆಕೆಂಡಿಗೊಮ್ಮೆ ವಿಎಂ, ಕಂಟೈನರ್ ಮತ್ತು ಸ್ಟೋರೇಜ್‌ಗಳನ್ನು ವಿಚಾರಿಸಿ ಕ್ಲಸ್ಟರ್‌ಗೆ ತಿಳಿಸುತ್ತಿರುತ್ತದೆ. ಈ ಸುತ್ತಿನ ನಡುವೆ ಯಾವುದಾದರೂ ಒಂದು ಸ್ಟೋರೇಜ್ ಉತ್ತರ ಕೊಡದೆ ಹಿಡಿದಿಟ್ಟುಕೊಂಡರೆ ಸೇವೆ ಅಲ್ಲೇ ಕಾದು ಕೂರುತ್ತದೆ, ಮುಂದಿನ ಯಾವ ಸುದ್ದಿಯೂ ಹೊರಡುವುದಿಲ್ಲ. ನನ್ನ ಅನುಮಾನವೆಲ್ಲ ನಿಮ್ಮ ನ್ಯಾಸ್ ಪೆಟ್ಟಿಗೆಯ ಮೇಲಿದೆ. ಸ್ಟೋರೇಜ್‌ಗಳ ಸ್ಥಿತಿ ತೋರಿಸುವ 'ಪಿವಿಇಎಸ್‌ಎಂ ಸ್ಟೇಟಸ್' ಎಂಬ ಆಜ್ಞೆಯನ್ನು ಕೊಟ್ಟು, ಎಷ್ಟು ಹೊತ್ತಿಗೆ ಉತ್ತರ ಬರುತ್ತದೆ ಎಂದು ತಿಳಿಸುತ್ತೀರಾ?

ಕಪ್ಪುಪರದೆ

ಸೇವೆ ಸಿಕ್ಕಿಹಾಕಿಕೊಂಡಿದ್ದರೆ ಸಿಸ್ಟಮ್‌ಡಿಗೆ (ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ವ್ಯವಸ್ಥೆ) ಅದು ಗೊತ್ತಾಗಬೇಕಲ್ಲವೇ? 'ರನ್ನಿಂಗ್' ಎಂದು ಅದೇಕೆ ತೋರಿಸುತ್ತಿದೆ? ಸ್ಟೇಟಸ್ ಆಜ್ಞೆಯನ್ನೇ ನಂಬಬಾರದು ಎನ್ನುವುದಾದರೆ ನಾವು ಯಾವುದನ್ನು ನೋಡಿ ಕೆಲಸ ಮಾಡಬೇಕು?

ರಾತ್ರಿಪಾಳಿ

ಆ ಆಜ್ಞೆ ಸುಳ್ಳು ಹೇಳುತ್ತಿಲ್ಲ ಸರ್, ನಾವು ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಿದೆ. ಸಿಸ್ಟಮ್‌ಡಿ ನೋಡುವುದು ಸೇವೆಯ ಮುಖ್ಯ ಪ್ರಕ್ರಿಯೆ ಬದುಕಿದೆಯೇ ಎಂಬುದನ್ನು ಮಾತ್ರ. ಕಾಯುತ್ತ ಕೂತ ಪ್ರಕ್ರಿಯೆಯೂ ಬದುಕಿರುವ ಪ್ರಕ್ರಿಯೆಯೇ. ಸೇವೆಯ ಘಟಕದಲ್ಲಿ 'ವಾಚ್‌ಡಾಗ್‌ಸೆಕ್' ಎಂಬ ಅವಧಿಯನ್ನು ಇಟ್ಟಿದ್ದು, ಆ ತಂತ್ರಾಂಶವೂ ಆಗಾಗ 'ನಾನಿದ್ದೇನೆ' ಎಂದು ಸಂಕೇತ ಕಳಿಸುವಂತೆ ಬರೆದಿದ್ದರೆ ಮಾತ್ರ ಸಿಸ್ಟಮ್‌ಡಿ ಇಂಥ ತಡೆಯನ್ನು ಹಿಡಿಯಬಲ್ಲದು. ಆ ಏರ್ಪಾಡು ಇಲ್ಲದ ಸೇವೆಗಳಲ್ಲಿ ಹಸಿರು ಅಕ್ಷರಕ್ಕೆ ಇರುವ ಅರ್ಥ ಬಹಳ ಚಿಕ್ಕದು.

ಬೆಣ್ಣೆನಗರಿ

ರಾತ್ರಿಪಾಳಿಯವರೇ, ನೀವು ಹೇಳಿದ ಆಜ್ಞೆಯನ್ನು ಕೊಟ್ಟು ನಾಲ್ಕು ನಿಮಿಷವಾಯಿತು, ಕರ್ಸರ್ ಮಿನುಗುತ್ತಿದೆಯೇ ಹೊರತು ಒಂದು ಸಾಲೂ ಬಂದಿಲ್ಲ. ಆದರೆ ಒಂದು ವಿಷಯ ಅರ್ಥವಾಗುತ್ತಿಲ್ಲ. ನ್ಯಾಸ್ ಪೆಟ್ಟಿಗೆ ಪಿಂಗ್‌ಗೆ ಉತ್ತರಿಸುತ್ತಿದೆ, ಶೋಮೌಂಟ್ ಆಜ್ಞೆಗೆ ತನ್ನ ಹಂಚಿಕೆಗಳ ಪಟ್ಟಿಯನ್ನೂ ಕೊಡುತ್ತಿದೆ. ಹಾಗಾದರೆ ಅದು ಸರಿಯಾಗಿಯೇ ಇದೆಯಲ್ಲವೇ?

ಸಹ್ಯಾದ್ರಿ

ಇಲ್ಲ, ಅದರ ನೆಟ್‌ವರ್ಕ್ ಭಾಗ ಸರಿಯಾಗಿದೆ, ಅಷ್ಟೇ. ಪಿಂಗ್‌ಗೆ ಉತ್ತರಿಸುವುದು ಕರ್ನಲ್, ಶೋಮೌಂಟ್‌ಗೆ ಉತ್ತರಿಸುವುದು ಮೌಂಟ್ ಸೇವೆ. ಇವೆರಡಕ್ಕೂ ಡಿಸ್ಕ್ ಮುಟ್ಟಬೇಕಾದ ಅಗತ್ಯವಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿ ಡಿಸ್ಕ್ ಅಥವಾ ರೇಡ್ (ಹಲವು ಡಿಸ್ಕ್‌ಗಳ ಜೋಡಣೆ) ಸಿಕ್ಕಿಹಾಕಿಕೊಂಡಿರಬೇಕು. ಪ್ರಾಕ್ಸ್‌ಮಾಕ್ಸ್ ಕೂಡ ಎನ್‌ಎಫ್‌ಎಸ್ ಸರ್ವರ್ ಇದೆಯೇ ಎಂದು ಮೊದಲು ನೆಟ್‌ವರ್ಕ್ ಮೂಲಕವೇ ವಿಚಾರಿಸುತ್ತದೆ. ಸರ್ವರ್ ಪೂರ್ತಿ ಸತ್ತಿದ್ದರೆ 'ಸ್ಟೋರೇಜ್ ಆನ್‌ಲೈನ್ ಇಲ್ಲ' ಎಂದು ಲಾಗ್‌ನಲ್ಲಿ ಬರೆದು ಮುಂದಕ್ಕೆ ಹೋಗುತ್ತಿತ್ತು. ಅರ್ಧ ಬದುಕಿರುವ ಸರ್ವರ್ ಆ ಪರೀಕ್ಷೆಯನ್ನು ದಾಟಿಬಿಡುತ್ತದೆ, ಆಮೇಲೆ ಕಡತವನ್ನು ಮುಟ್ಟಲು ಹೋದಾಗ ಎಲ್ಲವೂ ನಿಲ್ಲುತ್ತದೆ. ಸತ್ತ ನ್ಯಾಸ್‌ಗಿಂತ ಅರ್ಧ ಸತ್ತ ನ್ಯಾಸ್ ಹೆಚ್ಚು ಕಷ್ಟ ಕೊಡುತ್ತದೆ.

ನಿನ್ನೆ ರಾತ್ರಿ ಕರೆಂಟ್ ಏನಾದರೂ ಹೋಗಿತ್ತೇ?

ಬೆಣ್ಣೆನಗರಿ

ಹೋಗಿತ್ತು ಸರ್. ರಾತ್ರಿ ಎರಡು ಗಂಟೆಯ ಸುಮಾರಿಗೆ ಮಳೆಗಾಳಿಗೆ ಕರೆಂಟ್ ಹೋಗಿ ಬಂದಿತ್ತು ಎಂದು ಕಾವಲುಗಾರರು ಹೇಳಿದರು. ಹೋಸ್ಟ್‌ಗಳು ಯುಪಿಎಸ್ ಮೇಲಿವೆ, ನ್ಯಾಸ್ ಪೆಟ್ಟಿಗೆ ನೇರ ಗೋಡೆಯ ಪ್ಲಗ್‌ನಲ್ಲಿದೆ. ಈಗಷ್ಟೇ ಹೋಗಿ ನೋಡಿದೆ. ಅದರ ನಾಲ್ಕು ಡಿಸ್ಕ್ ದೀಪಗಳಲ್ಲಿ ಮೂರನೆಯದು ಮಿನುಗದೆ ಒಂದೇ ಸಮನೆ ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿದೆ. ಅದರ ಆಡಳಿತ ಪುಟ ತೆರೆಯುತ್ತಿಲ್ಲ.

ಕೋರಮ್

ಎನ್‌ಎಫ್‌ಎಸ್ ವಿಷಯ ಏನೇ ಇರಲಿ, ಮೊದಲು ಎಲ್ಲ ಪಿವಿಇ ಸೇವೆಗಳನ್ನೂ ಕೊರೊಸಿಂಕ್ ಸಮೇತ ರೀಸ್ಟಾರ್ಟ್ ಮಾಡಿದರೆ ಪರದೆ ಸರಿಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಐದೇ ನಿಮಿಷದ ಕೆಲಸ.

ರಾತ್ರಿಪಾಳಿ

ಕೋರಮ್ ಅವರೇ, ನಿಮ್ಮ ಹೆಸರಿನ ವಿಷಯವನ್ನೇ ನೀವು ಗಮನಿಸಬೇಕಿತ್ತು. ಆ ಹೋಸ್ಟ್‌ನ ವಿಎಂಗಳಿಗೆ ಎಚ್‌ಎ (ಒಂದು ಹೋಸ್ಟ್ ಬಿದ್ದರೆ ವಿಎಂ ಅನ್ನು ಇನ್ನೊಂದರಲ್ಲಿ ಎಬ್ಬಿಸುವ ಏರ್ಪಾಡು) ಹಾಕಿದ್ದರೆ, ಕೊರೊಸಿಂಕ್ ನಿಂತು ಕೋರಮ್ (ಕ್ಲಸ್ಟರ್‌ನ ಬಹುಮತ) ತಪ್ಪಿದ ಹೋಸ್ಟ್ ಅನ್ನು ವಾಚ್‌ಡಾಗ್ ಎಂಬ ಕಾವಲು ಟೈಮರ್ ಸುಮಾರು 60 ಸೆಕೆಂಡಿನಲ್ಲಿ ರೀಬೂಟ್ ಮಾಡುತ್ತದೆ. ಒಂದೇ ವಿಎಂ ಎರಡು ಕಡೆ ಏಕಕಾಲಕ್ಕೆ ನಡೆದು ಡಿಸ್ಕ್ ಹಾಳಾಗಬಾರದು ಎಂದು ಬೇಕೆಂದೇ ಮಾಡಿರುವ ವ್ಯವಸ್ಥೆ ಅದು. ರೀಸ್ಟಾರ್ಟ್ ಆಜ್ಞೆ ಅರ್ಧದಲ್ಲಿ ಸಿಕ್ಕಿಕೊಂಡರೆ 60 ಸೆಕೆಂಡು ಕಳೆಯುವುದೇ ತಿಳಿಯುವುದಿಲ್ಲ. ರೋಗ ಪಿವಿಇ-ಸ್ಟ್ಯಾಟ್‌ಡಿಯಲ್ಲಿರುವಾಗ ಕೊರೊಸಿಂಕ್ ಅನ್ನು ಮುಟ್ಟಬೇಕಾದ ಕಾರಣವೇ ಇಲ್ಲ.

ಕೋರಮ್

ಒಪ್ಪುತ್ತೇನೆ. ನಮ್ಮಲ್ಲಿ ಎಚ್‌ಎ ಇಲ್ಲದ ಕಾರಣ ಆ ಕಡೆಗೆ ಯೋಚಿಸಿರಲಿಲ್ಲ. ಬೆಣ್ಣೆನಗರಿಯವರೇ, ನನ್ನ ಸಲಹೆಯನ್ನು ಅನುಸರಿಸಬೇಡಿ.

ಕರಾವಳಿ ಕನ್ಸೋಲ್

ಗ್ರಂಥಾಲಯದ ವಿಎಂ ಬಗ್ಗೆ ಯಾರೂ ಮಾತನಾಡಿಲ್ಲ. ರಾತ್ರಿ ಎರಡಕ್ಕೆ ಬ್ಯಾಕಪ್ ಇಟ್ಟಿದ್ದೀರಾ? ಇಟ್ಟಿದ್ದರೆ ಅದು ನಿಂತಿರುವುದಕ್ಕೂ ಇದೇ ಕಾರಣ. ಬ್ಯಾಕಪ್ ನಡೆಯುವಾಗ ವಿಎಂ ಒಳಗಿನಿಂದ ಯಾವುದಾದರೂ ಬ್ಲಾಕ್‌ಗೆ ಹೊಸದಾಗಿ ಬರೆಯಲು ಹೊರಟರೆ, ಆ ಬ್ಲಾಕ್‌ನ ಹಳೆಯ ದತ್ತಾಂಶ ಮೊದಲು ಬ್ಯಾಕಪ್‌ಗೆ ಹೋಗಬೇಕು, ಆಮೇಲೆಯೇ ಹೊಸದನ್ನು ಬರೆಯಲು ಬಿಡಲಾಗುತ್ತದೆ. ಬ್ಯಾಕಪ್ ಸೇರಬೇಕಾದ ಜಾಗ ನಿಂತುಹೋದರೆ ವಿಎಂನ ಬರಹವೂ ನಿಂತುಹೋಗುತ್ತದೆ. ಅದರ ಸ್ವಂತ ಡಿಸ್ಕ್ ಸರಿಯಾಗಿಯೇ ಇದ್ದರೂ ಅದು ಉಸಿರುಗಟ್ಟಿದಂತೆ ಕೂರುತ್ತದೆ. ಇದನ್ನು ತಪ್ಪಿಸಲೆಂದೇ 2024ರ ಏಪ್ರಿಲ್‌ನಲ್ಲಿ ಬಂದ 8.2ನೆಯ ಆವೃತ್ತಿಯಲ್ಲಿ 'ಫ್ಲೀಸಿಂಗ್' ಎಂಬ ಆಯ್ಕೆಯನ್ನು ಕೊಟ್ಟರು. ಅದರಲ್ಲಿ ಹಳೆಯ ಬ್ಲಾಕ್‌ಗಳು ಮೊದಲು ಸ್ಥಳೀಯ ಡಿಸ್ಕ್‌ನ ಒಂದು ತಾತ್ಕಾಲಿಕ ಜಾಗಕ್ಕೆ ಹೋಗುತ್ತವೆ, ವಿಎಂ ಕಾಯಬೇಕಾಗುವುದಿಲ್ಲ.

ಪ್ರಕ್ರಿಯೆಗಳ ಪಟ್ಟಿ ಕೊಡುವ ಪಿಎಸ್ ಆಜ್ಞೆಯಲ್ಲಿ ಸ್ಥಿತಿಯ ಕಾಲಂ ನೋಡಿ. 'ಡಿ' (ಡಿಸ್ಕ್‌ನಂಥ ಕಡೆಯ ಉತ್ತರಕ್ಕೆ ಕಾಯುತ್ತ ನಿಂತ ಸ್ಥಿತಿ) ಎಂಬ ಅಕ್ಷರವಿರುವ ಪ್ರಕ್ರಿಯೆಗಳು ಯಾವುವು ಎಂದು ಇಲ್ಲಿ ಹಾಕಿ.

ಬೆಣ್ಣೆನಗರಿ

ನಿಮ್ಮ ಊಹೆ ನೂರಕ್ಕೆ ನೂರು ಸರಿ ಸರ್. ಬ್ಯಾಕಪ್ ಶುರುವಾಗಿದ್ದು 2 ಗಂಟೆಗೆ. ಒತ್ತುವ ಕೆಲಸ ಮಾಡುವ ಝಡ್‌ಎಸ್‌ಟಿಡಿ ಪ್ರಕ್ರಿಯೆ 2:10ರಿಂದ 'ಡಿ' ಸ್ಥಿತಿಯಲ್ಲಿದೆ, ಪಿವಿಇ-ಸ್ಟ್ಯಾಟ್‌ಡಿಯೂ 'ಡಿ'. ನಾನು ಸ್ವಲ್ಪ ಮೊದಲು ಕೊಟ್ಟ ಪಿವಿಇಎಸ್‌ಎಂ ಆಜ್ಞೆಯೂ ಅದೇ ಸಾಲಿಗೆ ಸೇರಿದೆ.

ಹೊಸಕಲಿಕೆ

'ಡಿ' ಸ್ಥಿತಿಯಲ್ಲಿರುವ ಪ್ರಕ್ರಿಯೆಯನ್ನು ಕಿಲ್ ಮೈನಸ್ 9 ಕೊಟ್ಟರೂ ಕೊಲ್ಲಲಾಗದು ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದಾರೆ. ಹಾಗಾದರೆ ಕೊನೆಗೆ ರೀಬೂಟ್ ಒಂದೇ ದಾರಿಯಲ್ಲವೇ?

ಸಹ್ಯಾದ್ರಿ

ಸಾಮಾನ್ಯವಾಗಿ ಆ ಮಾತು ನಿಜ, ಆದರೆ ಎನ್‌ಎಫ್‌ಎಸ್‌ಗಾಗಿ ಕಾಯುವ ಪ್ರಕ್ರಿಯೆಗಳ ವಿಷಯದಲ್ಲಿ ಅದು ಬಹಳ ಹಿಂದೆಯೇ ಬದಲಾಗಿದೆ. ಲಿನಕ್ಸ್ ಕರ್ನಲ್ 2.6.25ರಿಂದ ಈಚೆಗೆ ಬಾಕಿ ಉಳಿದ ಎನ್‌ಎಫ್‌ಎಸ್ ಕೆಲಸವನ್ನು ಸಿಗ್‌ಕಿಲ್ (ಕಿಲ್ ಮೈನಸ್ 9) ಸಂಕೇತ ಮುರಿಯಬಲ್ಲದು. ಉಳಿದ ಸಂಕೇತಗಳಿಗೆ ಅದು ಕಿವಿಗೊಡುವುದಿಲ್ಲ. ಸಾಮಾನ್ಯ ಕಿಲ್ ಕೊಟ್ಟು 'ಸಾಯುತ್ತಿಲ್ಲ' ಎಂದು ಅನೇಕರು ಕೈಬಿಡುವುದಕ್ಕೆ ಇದೇ ಕಾರಣ.

ಇನ್ನು ರೀಬೂಟ್ ವಿಷಯ. ಎನ್‌ಎಫ್‌ಎಸ್ ಸಿಕ್ಕಿಕೊಂಡ ಹೋಸ್ಟ್‌ಗೆ ರೀಬೂಟ್ ಆಜ್ಞೆ ಕೊಟ್ಟರೆ ಅದು ವಿಎಂಗಳನ್ನೆಲ್ಲ ಒಂದೊಂದಾಗಿ ನಿಲ್ಲಿಸಿ, ಆಮೇಲೆ ಅನ್‌ಮೌಂಟ್ ಮಾಡಲಾಗದೆ ಅಲ್ಲೇ ನಿಂತುಬಿಡಬಹುದು. ನನಗೆ ಒಮ್ಮೆ ಹಾಗೆ ಆಗಿ, ಶಿವಮೊಗ್ಗದಿಂದ 40 ಕಿಲೋಮೀಟರ್ ಬೈಕಿನಲ್ಲಿ ಹೋಗಿ ಪವರ್ ಗುಂಡಿಯನ್ನು ಒತ್ತಿಹಿಡಿದು ಬಂದಿದ್ದೇನೆ.

ಮಾಡಬೇಕಾದ ಕ್ರಮ ಹೀಗಿದೆ. ಮೊದಲು 'ಪಿವಿಇಎಸ್‌ಎಂ ಸೆಟ್' ಆಜ್ಞೆಯಲ್ಲಿ ಆ ನ್ಯಾಸ್ ಸ್ಟೋರೇಜ್‌ಗೆ 'ಡಿಸೇಬಲ್ 1' ಎಂದು ಹಾಕಿ. ಇದನ್ನು ಮಾಡದಿದ್ದರೆ ನೀವು ಅನ್‌ಮೌಂಟ್ ಮಾಡಿದ ಕೂಡಲೇ ಪ್ರಾಕ್ಸ್‌ಮಾಕ್ಸ್ ಅದನ್ನು ಮತ್ತೆ ಮೌಂಟ್ ಮಾಡಲು ಹೋಗಿ ಮತ್ತೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಝಡ್‌ಎಸ್‌ಟಿಡಿಗೆ ಕಿಲ್ ಮೈನಸ್ 9 ಕೊಡಿ. ಪೈಪ್ ಮುರಿದು ಬ್ಯಾಕಪ್ ವಿಫಲವಾಗುತ್ತದೆ, ಆದರೆ ವಿಎಂ ಬಿಡುಗಡೆಯಾಗುತ್ತದೆ. ತಪ್ಪಿಯೂ ವಿಎಂನ ಕ್ಯೂಎಮು ಪ್ರಕ್ರಿಯೆಗೆ ಆ ಸಂಕೇತ ಕೊಡಬೇಡಿ, ಸಂಖ್ಯೆಯನ್ನು ಎರಡು ಸಲ ಓದಿಕೊಳ್ಳಿ. ನಂತರ ಯುಮೌಂಟ್ ಆಜ್ಞೆಯನ್ನು ಮೈನಸ್ ಎಫ್, ಮೈನಸ್ ಎಲ್ ಸೇರಿಸಿ ಕೊಟ್ಟು, ಪಿವಿಇ-ಸ್ಟ್ಯಾಟ್‌ಡಿ ಒಂದನ್ನೇ ರೀಸ್ಟಾರ್ಟ್ ಮಾಡಿ.

ನೀಲಿಕಿಟಕಿ

ನೀವು ಇದನ್ನು ಮಾಡುತ್ತಿರುವಾಗ ಒಂದು ಮಾತು ಸೇರಿಸುತ್ತೇನೆ. ನಾನು ಹೈಪರ್-ವಿ (ಮೈಕ್ರೋಸಾಫ್ಟ್‌ನ ವಿಎಂ ವ್ಯವಸ್ಥೆ) ನೋಡಿಕೊಳ್ಳುವವಳು, ಅಲ್ಲಿಯೂ ಕಥೆ ಬೇರೆಯಲ್ಲ. ವಿಎಂಎಂಎಸ್ ಎಂಬ ನಿರ್ವಹಣಾ ಸೇವೆ ನಿಂತರೆ ಗೆಟ್-ವಿಎಂ ಆಜ್ಞೆ ಕೆಲಸ ಮಾಡುವುದಿಲ್ಲ, ಮ್ಯಾನೇಜರ್ ಕಿಟಕಿ ಖಾಲಿಯಾಗುತ್ತದೆ, ನೋಡಿದವರಿಗೆ ಎಲ್ಲ ವಿಎಂಗಳೂ ಹೋದಂತೆ ಕಾಣುತ್ತದೆ. ಆದರೆ ಟಾಸ್ಕ್ ಮ್ಯಾನೇಜರ್ ತೆರೆದರೆ ವಿಎಂಗೆ ಒಂದರಂತೆ ವಿಎಂಡಬ್ಲ್ಯೂಪಿ ಎಂಬ ಪ್ರಕ್ರಿಯೆಗಳು ತಮ್ಮ ಪಾಡಿಗೆ ನಡೆಯುತ್ತಿರುತ್ತವೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಖಾಲಿ ಕಿಟಕಿಯನ್ನು ನೋಡಿ, ಬ್ಯಾಕಪ್‌ನಿಂದ ವಿಎಂಗಳನ್ನು ಮರಳಿಸಲು ಹೊರಟಿದ್ದೆ. ಪಕ್ಕದಲ್ಲಿದ್ದ ಹಿರಿಯರು ಕೈ ಹಿಡಿದು ನಿಲ್ಲಿಸಿ, ಮೊದಲು ಒಂದು ವಿಎಂಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೋಗಿ ನೋಡು ಎಂದರು. ಲಾಗಿನ್ ಪರದೆ ಬಂದ ಆ ಕ್ಷಣ ಇನ್ನೂ ನೆನಪಿದೆ.

ಕರಾವಳಿ ಕನ್ಸೋಲ್

ಮೇಡಂ, ಇದಕ್ಕೆ ಸಮನಾದದ್ದು ಪ್ರಾಕ್ಸ್‌ಮಾಕ್ಸ್‌ನಲ್ಲೂ ಇದೆ. ನಮ್ಮ ಹುಡುಗನೊಬ್ಬ ಹೋಸ್ಟ್‌ನ ಹೆಸರು ಬದಲಿಸಿ ಹೋಸ್ಟ್ಸ್ ಕಡತವನ್ನು ತಿದ್ದದೆ ಬಿಟ್ಟಿದ್ದ. ಪಿವಿಇ-ಕ್ಲಸ್ಟರ್ ಸೇವೆ ಏಳಲಿಲ್ಲ, ಇಟಿಸಿ ಒಳಗಿನ ಪಿವಿಇ ಫೋಲ್ಡರ್ ಪೂರ್ತಿ ಖಾಲಿ. ವಿಎಂಗಳ ಸಂರಚನೆಯೆಲ್ಲ ಅಳಿಸಿಹೋಯಿತೆಂದು ಅವನು ಅತ್ತೇಬಿಟ್ಟ. ಆ ಫೋಲ್ಡರ್ ನಿಜವಾದ ಡಿಸ್ಕ್ ಫೋಲ್ಡರ್ ಅಲ್ಲ, ಸೇವೆ ನಡೆಯುವಾಗ ಮಾತ್ರ ಕಾಣುವಂಥದ್ದು. ಅಸಲು ದತ್ತಾಂಶ ಇರುವುದು ಬೇರೊಂದು ಎಸ್‌ಕ್ಯೂಲೈಟ್ ಕಡತದಲ್ಲಿ. ಹೋಸ್ಟ್ಸ್ ಕಡತದ ಒಂದು ಸಾಲು ತಿದ್ದಿದ ಮೇಲೆ ಎಲ್ಲವೂ ಮರಳಿ ಬಂತು.

ಹೊಸಕಲಿಕೆ

ನನ್ನದೂ ಒಂದು ಸಂದೇಹವಿದೆ. ಅಲ್ಮಾಲಿನಕ್ಸ್ 9 ಹಾಕಿ ಕೆವಿಎಂ (ಲಿನಕ್ಸ್‌ನದೇ ವಿಎಂ ವ್ಯವಸ್ಥೆ) ಕಲಿಯುತ್ತಿದ್ದೇನೆ. ವಿಎಂಗಳನ್ನು ನಿರ್ವಹಿಸುವ ಸೇವೆಯಾದ ಲಿಬ್‌ವರ್ಟ್‌ಡಿಯ ಸ್ಥಿತಿ ನೋಡಿದರೆ 'ಇನಾಕ್ಟಿವ್ (ಡೆಡ್)' ಎಂದು ಬರುತ್ತದೆ, ಆದರೆ ಅದರ ಜೊತೆ ಮಾತನಾಡುವ ವರ್ಶ್ ಆಜ್ಞೆ ಕೆಲಸ ಮಾಡುತ್ತದೆ. ಇಲ್ಲಿ ಮೇಲಿನವರಿಗೆ ಆದದ್ದಕ್ಕೆ ಇದು ತಿರುಗುಮುರುಗಾಗಿದೆ.

ರಾತ್ರಿಪಾಳಿ

ಒಳ್ಳೆಯ ಪ್ರಶ್ನೆ. ರೆಡ್ ಹ್ಯಾಟ್ 9 ಮತ್ತು ಅದೇ ಮೂಲದ ವಿತರಣೆಗಳಲ್ಲಿ ಹೊಸದಾಗಿ ಅಳವಡಿಸಿದಾಗ ಒಂದು ದೊಡ್ಡ ಲಿಬ್‌ವರ್ಟ್‌ಡಿಯ ಬದಲು ಕೆಲಸಕ್ಕೊಂದರಂತೆ ಚಿಕ್ಕ ಸೇವೆಗಳಿರುತ್ತವೆ. ಕ್ಯೂಎಮು ವಿಎಂಗಳನ್ನು ನೋಡಿಕೊಳ್ಳುವುದು ವರ್ಟ್‌ಕ್ಯೂಎಮುಡಿ. ಅದೂ ಸದಾ ಎಚ್ಚರವಾಗಿರುವುದಿಲ್ಲ. ಅದರ ಸಾಕೆಟ್ ಬಾಗಿಲಲ್ಲಿ ಕಾಯುತ್ತಿರುತ್ತದೆ, ಯಾರಾದರೂ ಬಂದಾಗ ಸಿಸ್ಟಮ್‌ಡಿ ಸೇವೆಯನ್ನು ಎಬ್ಬಿಸುತ್ತದೆ. ನಡೆಯುತ್ತಿರುವ ವಿಎಂ ಇಲ್ಲದೆ, ಸಂಪರ್ಕದಲ್ಲಿ ಯಾರೂ ಇಲ್ಲದೆ 120 ಸೆಕೆಂಡು ಕಳೆದರೆ ಅದು ತಾನಾಗಿಯೇ ಮುಗಿಯುತ್ತದೆ. ಆದ್ದರಿಂದ ನೀವು ನೋಡಬೇಕಾದದ್ದು ಸಾಕೆಟ್‌ನ ಸ್ಥಿತಿಯನ್ನು. ಅಥವಾ ನೇರವಾಗಿ 'ವರ್ಶ್ ಲಿಸ್ಟ್' ಕೊಟ್ಟು, ಪಟ್ಟಿ ಬರುತ್ತದೆಯೇ ಎಂದು ನೋಡಿ. ಹಳೆಯ ಅಭ್ಯಾಸದಿಂದ ಲಿಬ್‌ವರ್ಟ್‌ಡಿಯನ್ನು ಕೈಯಾರೆ ಶುರು ಮಾಡಲು ಹೋಗಬೇಡಿ, ಎರಡೂ ಒಟ್ಟಿಗೆ ಇರುವಂತಿಲ್ಲ.

ಕಪ್ಪುಪರದೆ

ವಿಎಂವೇರ್‌ನ ಇಎಸ್‌ಎಕ್ಸ್‌ಐ ಹೋಸ್ಟ್‌ಗಳಲ್ಲಿ ನಾವು ಹೋಸ್ಟ್‌ಡಿ ಮತ್ತು ವಿಪಿಎಕ್ಸ್‌ಎ ಎಂಬ ಎರಡು ನಿರ್ವಹಣಾ ಸೇವೆಗಳನ್ನೇ ನೋಡುತ್ತೇವೆ. ಹೋಸ್ಟ್‌ಗಳನ್ನೆಲ್ಲ ಒಂದೆಡೆಯಿಂದ ನಿರ್ವಹಿಸುವ ವಿಸೆಂಟರ್‌ನಲ್ಲಿ 'ನಾಟ್ ರೆಸ್ಪಾಂಡಿಂಗ್' ಎಂದು ಬಂದರೆ ಮ್ಯಾನೇಜ್‌ಮೆಂಟ್ ಏಜೆಂಟ್‌ಗಳನ್ನು ರೀಸ್ಟಾರ್ಟ್ ಮಾಡುವುದು, ಕೆಲಸ ಮುಗಿಯಿತು. ಇದರಲ್ಲಿ ತಪ್ಪಿದೆಯೇ?

ಸಹ್ಯಾದ್ರಿ

ತಪ್ಪಿಲ್ಲ, ಆದರೆ ಅದಕ್ಕೆ ಮುಂಚೆ ಎರಡು ವಿಷಯ ನೋಡಿ. ಹೋಸ್ಟ್‌ನಿಂದ ವಿಸೆಂಟರ್‌ಗೆ 10 ಸೆಕೆಂಡಿಗೊಮ್ಮೆ ಯುಡಿಪಿ 902ರ ಮೂಲಕ ನಾಡಿಮಿಡಿತ ಹೋಗುತ್ತಿರುತ್ತದೆ, 60 ಸೆಕೆಂಡು ಬರದಿದ್ದರೆ ಆ ಸಂದೇಶ ಕಾಣುತ್ತದೆ. ನಡುವಿನ ಫೈರ್‌ವಾಲ್‌ನಲ್ಲಿ ಯಾರೋ ಆ ಪೋರ್ಟ್ ಮುಚ್ಚಿದ್ದರೆ ಏಜೆಂಟ್‌ಗಳನ್ನು ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಒಂದು ನಿಮಿಷ ಚೆನ್ನಾಗಿದ್ದು ಮತ್ತೆ ಹೋಗುತ್ತದೆ. ಎರಡನೆಯದು ರ್ಯಾಮ್‌ಡಿಸ್ಕ್ (ಮೆಮೊರಿಯಲ್ಲೇ ಮಾಡಿದ ಡಿಸ್ಕ್). 'ವಿಡಿಎಫ್' ಆಜ್ಞೆಯಲ್ಲಿ ಯಾವುದಾದರೂ ತುಂಬಿದೆಯೇ ನೋಡಿ. ಅದು ತುಂಬಿದ್ದಾಗ ಹೋಸ್ಟ್‌ಡಿಯನ್ನು ನಿಲ್ಲಿಸಿದರೆ, ಅದು ಮತ್ತೆ ಏಳದೇ ಇರಬಹುದು.

ಬೆಣ್ಣೆನಗರಿ

ಸ್ನೇಹಿತರೇ, ಸರಿಹೋಯಿತು! ಸಹ್ಯಾದ್ರಿಯವರು ಹೇಳಿದ ಕ್ರಮದಲ್ಲೇ ಮಾಡಿದೆ. ಝಡ್‌ಎಸ್‌ಟಿಡಿಯ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಂಡು, ಹೋಲಿಸಿ ನೋಡಿ, ಆಮೇಲೆಯೇ ಎಂಟರ್ ಒತ್ತಿದೆ. ಕೆಲವೇ ಕ್ಷಣದಲ್ಲಿ ಗ್ರಂಥಾಲಯದ ವಿಎಂ ಪಿಂಗ್‌ಗೆ ಉತ್ತರಿಸತೊಡಗಿತು. ಪಿವಿಇ-ಸ್ಟ್ಯಾಟ್‌ಡಿ ರೀಸ್ಟಾರ್ಟ್ ಆದ ಮೇಲೆ ಪರದೆಯಲ್ಲಿ ಒಂದೊಂದಾಗಿ ಹೆಸರುಗಳು ಮರಳಿ ಹಸಿರು ಗುರುತು ಬಂದವು. ಆ ವಿಎಂ ಮೇಲೆ 'ಬ್ಯಾಕಪ್' ಎಂಬ ಲಾಕ್ ಉಳಿದಿತ್ತು, ಯಾವ ಬ್ಯಾಕಪ್ ಪ್ರಕ್ರಿಯೆಯೂ ಉಳಿದಿಲ್ಲ ಎಂದು ಖಚಿತಪಡಿಸಿಕೊಂಡು 'ಕ್ಯೂಎಂ ಅನ್‌ಲಾಕ್' ಕೊಟ್ಟು ತೆಗೆದೆ. ಪರೀಕ್ಷಾ ಪೋರ್ಟಲ್ ಒಂದು ಕ್ಷಣವೂ ನಿಲ್ಲಲಿಲ್ಲ. ಎಲ್ಲರಿಗೂ ಮನಸಾರೆ ಧನ್ಯವಾದಗಳು.

ನನಗೆ ಈಗ ಬೇಕಾಗಿರುವುದು ಇದು ಮತ್ತೆ ಆದರೆ ನಾನು ಬೆಳಿಗ್ಗೆ ಬಂದು ನೋಡುವ ಮೊದಲೇ ಗೊತ್ತಾಗುವ ವ್ಯವಸ್ಥೆ. ಸರ್ವರ್‌ಗಳ ಮೇಲೆ ನಿಗಾ ಇಡುವ ಜ್ಯಾಬಿಕ್ಸ್ ತಂತ್ರಾಂಶ ಈಗಾಗಲೇ ಇದೆ. ಆದರೆ ಅದರಲ್ಲಿ ಸೇವೆ ಆಕ್ಟಿವ್ ಇದೆಯೇ ಎಂದು ಮಾತ್ರ ಕೇಳುತ್ತಿದ್ದೆ, ಅದು ರಾತ್ರಿಯಿಡೀ 'ಇದೆ' ಎಂದೇ ಹೇಳುತ್ತಿತ್ತು.

ಕೋರಮ್

ಒಂದು ಚಿಕ್ಕ ಸ್ಕ್ರಿಪ್ಟ್‌ನಲ್ಲಿ 'ಟೈಮೌಟ್ 10' ಎಂದು ಮುಂದೆ ಹಾಕಿ ಪಿವಿಇಎಸ್‌ಎಂ ಸ್ಟೇಟಸ್ ನಡೆಸಿ. ಸಮಯ ಮೀರಿದರೆ ನಿರ್ಗಮನ ಸಂಖ್ಯೆ 124 ಬರುತ್ತದೆ, ಆ ಸಂಖ್ಯೆ ಬಂದರೆ ಜ್ಯಾಬಿಕ್ಸ್ ಮೊಬೈಲ್‌ಗೆ ಸಂದೇಶ ಕಳಿಸಲಿ.

ಸಹ್ಯಾದ್ರಿ

ವಿಚಾರ ಒಳ್ಳೆಯದು, ಆದರೆ ಈ ಪ್ರಸಂಗದಲ್ಲೇ ಅದು ಕೈಕೊಡುತ್ತದೆ. ಟೈಮೌಟ್ ಆಜ್ಞೆ ಮೊದಲು ಕಳಿಸುವುದು ಸಿಗ್‌ಟರ್ಮ್ (ಸಾಮಾನ್ಯ ಕಿಲ್) ಸಂಕೇತ; ಎನ್‌ಎಫ್‌ಎಸ್‌ಗೆ ಕಾಯುತ್ತಿರುವ ಪ್ರಕ್ರಿಯೆ ಅದಕ್ಕೆ ಜಗ್ಗುವುದಿಲ್ಲ ಎಂದು ಮೇಲೆಯೇ ಹೇಳಿದೆ. ಸ್ಕ್ರಿಪ್ಟ್ ಕೂಡ ಅಲ್ಲೇ ಕೂರುತ್ತದೆ, ಐದು ನಿಮಿಷಕ್ಕೊಂದು ಹೊಸ ಪ್ರಕ್ರಿಯೆ ಸೇರುತ್ತ ಬೆಳಿಗ್ಗೆಗೆ ನೂರಾಗುತ್ತದೆ. 'ಕಿಲ್-ಆಫ್ಟರ್' ಆಯ್ಕೆಯನ್ನು ಸೇರಿಸಿ 5 ಸೆಕೆಂಡಿನ ನಂತರ ಸಿಗ್‌ಕಿಲ್ ಹೋಗುವಂತೆ ಮಾಡಿ. ಆಗ ಬರುವ ಸಂಖ್ಯೆ 137, ಆದ್ದರಿಂದ 124 ಒಂದನ್ನೇ ಹುಡುಕದೆ ಸೊನ್ನೆಯಲ್ಲದ ಯಾವುದು ಬಂದರೂ ಎಚ್ಚರಿಸುವಂತೆ ಬರೆಯಿರಿ.

ಕಪ್ಪುಪರದೆ

ಸಂದೇಶ ಕಳಿಸುವ ಜ್ಯಾಬಿಕ್ಸ್ ಸರ್ವರ್ ಇದೇ ಕ್ಲಸ್ಟರ್‌ನ ವಿಎಂ ಆಗಿರಬಾರದು ಎಂಬುದನ್ನೂ ಸೇರಿಸಿಕೊಳ್ಳಿ. ನಮ್ಮಲ್ಲಿ ಹೋಸ್ಟ್ ಬಿದ್ದಾಗ ಎಚ್ಚರಿಸಬೇಕಾದದ್ದೂ ಅದರ ಜೊತೆಗೇ ಬಿದ್ದಿತ್ತು. ರೀಬೂಟ್ ಬಗ್ಗೆ ನಾನು ಮೊದಲು ಹೇಳಿದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ನಮ್ಮಲ್ಲಿ ಎರಡು ಸಲ ಸರಿಹೋಗಿದ್ದಕ್ಕೆ ಕಾರಣ ಏನಿತ್ತೆಂದು ನಾವು ಎಂದೂ ಹುಡುಕಲಿಲ್ಲ, ಈ ವಾರ ಹಳೆಯ ಲಾಗ್‌ಗಳನ್ನು ತೆಗೆದು ನೋಡುತ್ತೇನೆ.

ಬೆಣ್ಣೆನಗರಿ

ನಮ್ಮ ಜ್ಯಾಬಿಕ್ಸ್ ಇರುವುದು ಮೊದಲನೆಯ ಹೋಸ್ಟ್‌ನ ಒಳಗೇ. ಪ್ರಯೋಗಾಲಯದಲ್ಲಿ ಬಿಡುವಾಗಿರುವ ಒಂದು ಹಳೆಯ ಡೆಸ್ಕ್‌ಟಾಪ್‌ಗೆ ಅದನ್ನು ಸಾಗಿಸುತ್ತೇನೆ. ನ್ಯಾಸ್‌ನ ಪ್ಲಗ್ ಅನ್ನು ಈಗಲೇ ಯುಪಿಎಸ್‌ಗೆ ಬದಲಿಸಿದ್ದೇನೆ, ಮೂರನೆಯ ಡಿಸ್ಕ್‌ಗೆ ಬೇಡಿಕೆ ಪತ್ರ ಬರೆದು ಪ್ರಾಂಶುಪಾಲರ ಸಹಿಗೆ ಇಟ್ಟಿದ್ದೇನೆ. ಅದು ಬರುವವರೆಗೆ ರಾತ್ರಿ ಬ್ಯಾಕಪ್‌ಗೆ ಎಲ್ಲಿ ಜಾಗ ಮಾಡಲಿ ಎಂಬುದೊಂದೇ ಚಿಂತೆ.

ಕರಾವಳಿ ಕನ್ಸೋಲ್

ಮೂರನೆಯ ಹೋಸ್ಟ್‌ನಲ್ಲಿ ಖಾಲಿ ಡಿಸ್ಕ್ ಎಷ್ಟಿದೆ ಎಂದು ಹೇಳಿ, ಅದನ್ನೇ ತಾತ್ಕಾಲಿಕವಾಗಿ ಬಳಸುವ ಬಗೆಯನ್ನು ಸಂಜೆ ಬರೆಯುತ್ತೇನೆ. ಪರೀಕ್ಷೆ ಮುಗಿಯಲಿ.